ಟೀಚರ್ ದನಿಗೊಂದು ಜಾಲರಿ

"ಟೀಚರ್ ಇನ್ನ ಹಾಡಂಗಿಲ್ಲಂತ, ಅಕ್ಕಾ."

ನನ್ನ ತಮ್ಮ ಬಾಗಿಲಲ್ಲಿ ನಿಂತು ಹೀಗೆಂದಾಗ ನಾನು ಯಾರೋ ವಕೀಲರ ಹೆಸರಿನ ಫಲಕವನ್ನು ಆಸಿಡ್ಡಿನಿಂದ ಮೇಲೆತ್ತುತ್ತಿದ್ದೆ. ಕೊಟ್ಟೂರಿನಲ್ಲಿ ನನ್ನದು ನೇಮ್ ಪ್ಲೇಟ್ ಮಾಡುವ ಕೆಲಸ. ಅಲ್ಯೂಮಿನಿಯಂ ತಗಡಿನ ಮೇಲೆ ಅಕ್ಷರದ ಜಾಗ ಬಿಟ್ಟು ಉಳಿದ ಕಡೆಯೆಲ್ಲ ಇಂಕು ಮೆತ್ತಿ, ಬಿಟ್ಟ ಜಾಗವನ್ನು ನಾವು ಆಸಿಡ್ಡು ಎನ್ನುವ ಫೆರಿಕ್ ಕ್ಲೋರೈಡಿಗೆ ತಿನ್ನಿಸಿದರೆ ಹೆಸರು ಮೂಡುತ್ತದೆ. ತಮ್ಮನದು ಅದೇ ಸಾಲಿನಲ್ಲಿ ಆಂಪ್ಲಿಫೈಯರ್, ಮೈಕು ರಿಪೇರಿ ಮಾಡುವ ಅಂಗಡಿ. ಅವನ ಮುಖ ನೋಡಿದರೆ ಮನೆಯಲ್ಲಿ ಯಾರಿಗೋ ಏನೋ ಆಗಿದೆ ಅನ್ನುವ ಹಾಗಿತ್ತು.

ಟೀಚರ್ ಎಂದರೆ ನಮ್ಮಿಬ್ಬರಿಗೂ ಪ್ರಾಥಮಿಕ ಶಾಲೆಯಲ್ಲಿ ಕಲಿಸಿದವರು. ಈಗ ಹರಪನಹಳ್ಳಿಯಲ್ಲಿದ್ದಾರೆ. ಅಲ್ಲಿಯ ಪ್ರಾರ್ಥನಾ ಮಂದಿರದಲ್ಲಿ ಸೋಮವಾರ ಸಂಜೆ ಹೆಂಗಸರೆಲ್ಲ ಕೂಡಿ ವಚನ ಹಾಡುತ್ತಾರೆ. ಮುಂದೆ ಕೂತು ಸಾಲು ಎತ್ತಿಕೊಡುವವರು ಟೀಚರ್. ಅವರ ದನಿ ಮೊದಲಿನ ಹಾಗೆ ಇಲ್ಲ, ಮೆತ್ತಗಾಗಿದೆ, ತಗ್ಗಿದೆ. ಮಂದಿರದಲ್ಲಿ ಇದ್ದದ್ದು ಹಳೆಯ ಹಾರ್ನು ಸ್ಪೀಕರು. ಅದು ಆ ಮೆತ್ತನೆಯ ದನಿಯನ್ನು ಹಿಂಡಿ ಕೀಚಲು ಮಾಡಿ ಹೊರಗೆಸೆಯುತ್ತಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದು ಟೀಚರ್ ಕಣ್ಣಿಗೆ ಬಿತ್ತಂತೆ. ಹಾಡು ಮುಗಿಸಿ, ಮೈಕು ಪಕ್ಕಕ್ಕಿಟ್ಟು, ಇನ್ನು ಬೇರೆ ಯಾರಾದರೂ ಹಾಡಲಿ ಎಂದುಬಿಟ್ಟರಂತೆ.

ನನಗೆ ಮೈ ಉರಿಯಿತು. ನಕ್ಕವರು ಯಾರು ಹೇಳು, ಅವರ ಮನೆಗೇ ಹೋಗಿ ಕೇಳುತ್ತೇನೆ ಎಂದೆ.

"ನಕ್ಕೋರ್ದು ತಪ್ಪಿಲ್ಲಕ್ಕಾ, ಹಾರ್ನಿಂದು ತಪ್ಪೈತಿ" ಎಂದ ತಮ್ಮ. "ನಾ ಟೀಚರ್ ಕೂಡ ಮಾತಾಡೇನಿ. ಶ್ರಾವಣದ ಮೊದಲ್ನೇ ಸೋಮವಾರ ಒಮ್ಮಿ ಹಾಡ್ರಿ, ನಾ ಬ್ಯಾರೆ ಪೆಟ್ಟಿಗಿ ಮಾಡಿ ತರ್ತೀನಿ ಅಂದೆ. ಒಪ್ಯಾರ. ಆದ್ರ ಅವತ್ತೂ ಹಂಗ ಕೇಳಿಸಿದ್ರ ಮತ್ತ ನನ್ನ ಕರೀಬ್ಯಾಡ ಅಂದ್ರು."

ಅವನು ಮಾಡಹೊರಟಿದ್ದು ಎರಡು ಉದ್ದನೆಯ ಸಪೂರ ಪೆಟ್ಟಿಗೆ. ಒಳಗೆ ಸಣ್ಣ ಸ್ಪೀಕರುಗಳು ಒಂದರ ಮೇಲೊಂದು ಸಾಲಾಗಿ ಕೂರುತ್ತವೆ. ದನಿ ಚೂಪಾಗದೆ ಹಿಂದಿನ ಗೋಡೆಯವರೆಗೂ ಒಂದೇ ಸಮ ಹರಡುತ್ತದೆ. ಮುಂದಕ್ಕೆ ಒಂದು ಜಾಲರಿ ಬೇಕು. ಅಂಗಡಿಯ ಕಬ್ಬಿಣದ ಜಾಲರಿ ತಂದು ಹಚ್ಚಿ ನೋಡಿದ್ದ. ತೂತು ಕಡಿಮೆ, ಮೇಲಾಗಿ ಕೆಲವು ಸ್ವರಕ್ಕೆ ಜಾಲರಿಯೇ ಝಿಣಿ ಝಿಣಿ ಎಂದು ಜೊತೆ ಸೇರುತ್ತಿತ್ತು. ಮಂದಿರದ ಹಿರಿಯರೊಬ್ಬರು ಬೇರೆ, ನೋಡಲು ಲಕ್ಷಣವಾಗಿಲ್ಲದಿದ್ದರೆ ಒಳಗೇ ಬಿಡುವುದಿಲ್ಲ ಎಂದಿದ್ದರು. ಹಾಗಾಗಿ ನನ್ನ ಹತ್ತಿರ ಬಂದಿದ್ದ.

"ನೀ ಆಸಿಡ್ನ್ಯಾಗ ತೂತು ಹಾಕಿ ಕೊಡು. ನೀ ಮಾಡಿದ್ರ ಚಂದಾನೂ ಇರ್ತೈತಿ."

ಕೆಲಸ ಬೇಕಾದಾಗ ಅವನಿಗೆ ನನ್ನ ಕೈ ಚಂದ. ಉಳಿದ ದಿನ ನನ್ನ ಆಸಿಡ್ ವಾಸನೆಗೆ ಮೂಗು ಮುಚ್ಚಿಕೊಂಡೇ ಚಹಾ ಕುಡಿಯುತ್ತಾನೆ.

ನೇಮ್ ಪ್ಲೇಟಿಗೆ ತಗಡಿನ ಒಂದು ಮೈ ಮಾತ್ರ ಸ್ವಲ್ಪ ಆಳಕ್ಕೆ ತಿಂದರೆ ಸಾಕು. ಜಾಲರಿಗೆ ಆರ್‌ಪಾರ್, ಈ ಮೈಯಿಂದ ಆ ಮೈಗೆ ತೂತು ಬೀಳಬೇಕು. ಒಂದೇ ಕಡೆಯಿಂದ ಬಿಟ್ಟರೆ ಆಸಿಡ್ಡು ಕೆಳಗಿಳಿಯುತ್ತ ಅಕ್ಕಪಕ್ಕಕ್ಕೂ ಹರಡಿ ತೂತು ಅಗಲವಾಗಿಬಿಡುತ್ತದೆ. ಅದಕ್ಕೆ ತಗಡಿನ ಎರಡೂ ಮೈಗೆ ಒಂದೇ ನಕ್ಷೆ ಅಚ್ಚು ಹಾಕಬೇಕು. ಎರಡೂ ಕಡೆಯಿಂದ ತಿನ್ನುತ್ತ ಬಂದು ಆಸಿಡ್ಡು ನಡುವೆ ಕೂಡಿಕೊಳ್ಳಬೇಕು. ಹೇಳುವುದು ಸುಲಭ. ಮೊದಲನೆಯ ತಗಡನ್ನು ತೊಳೆದು ಕಿಟಕಿಗೆ ಹಿಡಿದರೆ ಒಂದೂ ಗುಂಡಗಿಲ್ಲ, ಎಲ್ಲ ಅರ್ಧಚಂದ್ರ. ಹಿಂದಿನ ಅಚ್ಚು ಮುಂದಿನದಕ್ಕಿಂತ ಒಂದು ಕೂದಲೆಳೆ ಸರಿದಿತ್ತು. ತಗಡಿನ ಮೂಲೆಗಳಲ್ಲಿ ಸಣ್ಣ ತೂತು ಕೊರೆದು, ಮೊಳೆ ನಿಲ್ಲಿಸಿ, ಅಚ್ಚು ಹಾಕುವ ಎರಡೂ ಸ್ಕ್ರೀನನ್ನು ಆ ಮೊಳೆಗೇ ಹೊಂದಿಸಿದ ಮೇಲೆ ಅದು ಸರಿಹೋಯಿತು.

ಆಮೇಲೆ ಶಾಖದ ತಕರಾರು. ಅಲ್ಯೂಮಿನಿಯಂ ಕಂಡರೆ ಫೆರಿಕ್‌ಗೆ ಆವೇಶ ಬಂದುಬಿಡುತ್ತದೆ. ನೊರೆಯೆದ್ದು, ಕುದಿಯುವಷ್ಟು ಬಿಸಿಯಾಗಿ, ಅಂಚಿನ ಇಂಕನ್ನೇ ಎಬ್ಬಿಸಿಬಿಟ್ಟಿತು. ಎರಡನೆಯ ತಗಡೂ ಹೋಯಿತು. ಆಸಿಡ್ಡಿಗೆ ನೀರು ಹೆಚ್ಚಿಸಿ, ತೊಟ್ಟಿಯನ್ನು ತಣ್ಣೀರಿನ ದೊಡ್ಡ ಟಬ್ಬಿನಲ್ಲಿಟ್ಟು, ಸ್ವಲ್ಪ ಹೊತ್ತು ಮುಳುಗಿಸುವುದು, ಎತ್ತುವುದು, ಮೆತ್ತನೆಯ ಬ್ರಶ್ಶಿನಿಂದ ಕಪ್ಪು ಕೆಸರು ತೆಗೆಯುವುದು, ಮತ್ತೆ ಮುಳುಗಿಸುವುದು. ಹೀಗೆ ಲಾಲಿಸಿ ಪಾಲಿಸಿ ಮಾಡಿದ ಮೇಲೆ ಒಂದು ತಗಡು ಒಪ್ಪವಾಗಿ ಬಂತು. ನನ್ನ ತೊಟ್ಟಿ ಚಿಕ್ಕದು. ಒಂದು ಪೆಟ್ಟಿಗೆಗೆ ಮೇಲೊಂದು, ಕೆಳಗೊಂದು, ಹೀಗೆ ಎರಡು ತಗಡು ಕೂಡಿಸುವುದೆಂದು ಮಾತಾಗಿತ್ತು. ಎರಡು ಪೆಟ್ಟಿಗೆಗೆ ಬೇಕಾದ ನಾಲ್ಕನ್ನೂ, ಮಾದರಿಗೆಂದು ಇನ್ನು ಕೆಲವನ್ನೂ ಹೀಗೇ ತಿನ್ನಿಸಿಟ್ಟೆ.

"ಇನ್ನ ಬಣ್ಣ ಹೊಡದ್ರ ಮುಗೀತಲ್ಲ" ಎಂದ ತಮ್ಮ.

ನನಗೆ ನಗು ಬಂತು. ನಮ್ಮ ಕೆಲಸದಲ್ಲಿ ಜಗಳ ಶುರುವಾಗುವುದೇ ಅಲ್ಲಿ. ಆಸಿಡ್ಡಿನಿಂದ ಬಂದ ತಗಡು ಮಂಕು ಬೂದಿ ಬಣ್ಣಕ್ಕಿರುತ್ತದೆ, ಅಲ್ಲಲ್ಲಿ ಕಲೆ. ಬರಿಗೈಲಿ ಮುಟ್ಟಿದರೆ ಬೆರಳಿನ ಗುರುತು ಉಳಿಯುತ್ತದೆ. ಮೇಲ್ಮೈಗೆ ಏನು ಮಾಡುತ್ತೀರಿ ಎನ್ನುವುದರ ಮೇಲೆ ಅದು ಮಂದಿರದ ವಸ್ತುವೋ ಗುಜರಿಯ ವಸ್ತುವೋ ಎಂಬುದು ತೀರ್ಮಾನವಾಗುತ್ತದೆ.

ತಮ್ಮನಿಗೆ ಕಪ್ಪು ಪೌಡರ್ ಕೋಟಿಂಗೇ ಬೇಕು. ಬಣ್ಣದ ಪುಡಿಯನ್ನು ತಗಡಿಗೆ ಹಿಡಿಸಿ ಒಲೆಯಲ್ಲಿ ಬೇಯಿಸುವ ಪದ್ಧತಿ ಅದು. "ಕಂಪನಿ ಮಾಲೆಲ್ಲಾ ಕಪ್ಪ ಇರ್ತಾವಕ್ಕಾ. ಕಪ್ಪಿದ್ರ ಯಾರೂ ಯಾವ ಕಂಪನಿದು ಅಂತ ಕೇಳಂಗಿಲ್ಲ." ನನಗೆ ನನ್ನದೇ ಕೈಗುಣದ ಮೇಲೆ ಪ್ರೀತಿ. ಒಂದೇ ದಿಕ್ಕಿಗೆ ಎಮರಿ ಕಾಗದ ಉಜ್ಜಿ ರೇಷ್ಮೆಗೆರೆ ಮೂಡಿಸಿ ಮೇಲೆ ತೆಳುವಾಗಿ ಲ್ಯಾಕರ್ ಮೆರುಗೆಣ್ಣೆ ಬಳಿದರೆ ಕಣ್ಣು ಕೀಳಲಾಗುವುದಿಲ್ಲ. ನನ್ನ ನೇಮ್ ಪ್ಲೇಟುಗಳೆಲ್ಲ ಹಾಗೇ ಹೋಗುವುದು. ಮೂರನೆಯ ಬಾಯಿ ದಾವಣಗೆರೆಯ ಯಜಮಾನರದು. ಪೌಡರ್ ಕೋಟಿಂಗು, ಆನೊಡೈಸಿಂಗು ಎರಡನ್ನೂ ಮಾಡುವ ಘಟಕ ಅವರದು. ಆನೊಡೈಸಿಂಗ್ ಎಂದರೆ ತಗಡನ್ನು ಆಸಿಡ್ಡಿನಲ್ಲಿಟ್ಟು ಕರೆಂಟು ಹಾಯಿಸಿ ಅದರ ಮೈಯನ್ನೇ ಗಟ್ಟಿ ಮಾಡುವುದು. ಬಣ್ಣ ಬೇಕೆಂದರೆ ಅದರಲ್ಲೇ ಕುಡಿಸುತ್ತಾರೆ. "ಗುಡಿಯಂಥ ಜಾಗಕ್ಕೆ ಬಂಗಾರದ ಬಣ್ಣ ಹಾಕ್ಸ್ರಿ ಅಮ್ಮ, ಕಣ್ಣಿಗೆ ಹಬ್ಬ ಆಗ್ತತಿ" ಎಂದರು.

ಮೂವರದ್ದೂ ಮೂರು ಮಾದರಿ ಮಾಡಿಸಿದೆವು. ತಮ್ಮ ಅವ್ವನ ಹಳೆಯ ಸೀರೆಯೊಂದನ್ನು ಪೆಟ್ಟಿಗೆಯ ಮುಂದೆ ಇಳಿಬಿಟ್ಟ. ನಾನು ನೋಡದಂತೆ ಹಿಂದೆ ಜಾಲರಿ ಬದಲಿಸುತ್ತಿದ್ದ. ಟೀಚರ್ ಮನೆಯಲ್ಲಿ ಹಾಡಿದ್ದನ್ನು ಮೊಬೈಲಿನಲ್ಲಿ ಹಿಡಿದು ತಂದಿದ್ದ. ಅದನ್ನೇ ಮತ್ತೆ ಮತ್ತೆ ಹಾಕಿದ.

"ಇದ್ರಾಗ ಟೀಚರಿಗೆ ನೆಗಡಿ ಆಗೇತೇನಲೇ?" ಎಂದೆ ಒಂದಕ್ಕೆ.

ನಾನೇ ಸೀರೆ ಸರಿಸಿದೆ. ಅವನು ಕಪ್ಪು ತಗಡನ್ನು ಟ್ಯೂಬ್‌ಲೈಟಿಗೆ ಹಿಡಿದು ನಿಂತಿದ್ದ. ಪುಡಿ ಒಲೆಯಲ್ಲಿ ಕರಗಿ ಪ್ರತಿ ತೂತಿನ ಅಂಚಿಗೂ ದಪ್ಪಗೆ ಕೂತಿತ್ತು. ಕೆಲವು ತೂತು ಪೂರ್ತಿ ಮುಚ್ಚಿಹೋಗಿದ್ದವು. ಸ, ಶ ಎನ್ನುವ ಸಣ್ಣ ಸದ್ದುಗಳು ಆ ಕಡೆಗೇ ಉಳಿದುಬಿಟ್ಟಿದ್ದವು.

"ಕರಿದು ಚೊಲೊ ಕಾಣ್ತಿತ್ತು" ಎಂದ, ತಗಡನ್ನು ಬದಿಗಿಡುತ್ತ. ಪಾಪ ಅನ್ನಿಸಿತು. ಆದರೂ ಕಂಪನಿಯವರಿಗೆ ಫೋನ್ ಮಾಡಿ ಕೇಳೋಣವಾ ಎಂದು ಕಿಚಾಯಿಸದೆ ಬಿಡಲಿಲ್ಲ.

ಉಳಿದದ್ದು ಎರಡು, ನನ್ನ ರೇಷ್ಮೆಗೆರೆ ಮತ್ತು ಯಜಮಾನರ ಬಂಗಾರ. ಕೇಳಲು ಎರಡೂ ಚೆನ್ನ. ಕೂತು ನೋಡುವವರೇ ಆರಿಸಲಿ ಎಂದು ಎರಡನ್ನೂ ಮಂದಿರಕ್ಕೆ ಒಯ್ದು, ಗೋಡೆಗೆ ಒರಗಿಸಿ, ಮುಂದಿನ ಸೋಮವಾರ ಬರುತ್ತೇವೆ ಎಂದು ಬಂದೆವು.

ಮುಂದಿನ ಸೋಮವಾರ ಹೋದಾಗ ಟೀಚರ್ ಎರಡನ್ನೂ ಬಿಳಿ ಪಂಚೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಅವರ ಸುತ್ತ ಹಾಡಿನ ಬಳಗದ ಹೆಂಗಸರು.

"ಬೈಬ್ಯಾಡಮ್ಮ" ಎಂದು ಟೀಚರ್ ಸುತ್ತಿದ ಪಂಚೆ ಬಿಚ್ಚಿದರು.

ನಮ್ಮ ಕಡೆ ಮನೆಗೆ ಹೊಸದೇನೇ ಬರಲಿ, ಗಾಡಿಯಾಗಲಿ ಗ್ರೈಂಡರ್ ಆಗಲಿ, ವಿಭೂತಿ ಹಚ್ಚಿ ಕುಂಕುಮ ಇಡದೆ ಬಳಕೆಗೆ ತೆಗೆದುಕೊಳ್ಳುವುದಿಲ್ಲ. ಜಾಲರಿಗಳು ಮಾದರಿಗೆ ಬಂದವು, ಇನ್ನೂ ಪೆಟ್ಟಿಗೆಗೆ ಕೂತಿಲ್ಲ ಎನ್ನುವ ವಿಚಾರವೆಲ್ಲ ಯಾರಿಗೆ ಬೇಕು? ಬಂದವರೆಲ್ಲ ಒದ್ದೆ ಕೈಯಿಂದ ವಿಭೂತಿ ಎಳೆದಿದ್ದರು, ಅರಿಶಿನ ಕುಂಕುಮ ಹಚ್ಚಿದ್ದರು, ಕಾಯಿ ಒಡೆದ ನೀರನ್ನೂ ಚಿಮುಕಿಸಿದ್ದರು. ಬಂಗಾರದ ಬಣ್ಣದ ತಗಡಿನಲ್ಲಿ ಕುಂಕುಮ ಒಳಕ್ಕಿಳಿದು ಕೆಂಪು ಬೊಟ್ಟುಗಳು ಹಾಗೇ ಉಳಿದಿದ್ದವು. ನಾನು ಒರೆಸಿದೆ, ಸೋಪು ಹಾಕಿ ತೊಳೆದೆ. ಜಪ್ಪಯ್ಯ ಅನ್ನಲಿಲ್ಲ.

ನನ್ನ ರೇಷ್ಮೆಗೆರೆಯದು ಇನ್ನೂ ಕೆಟ್ಟ ಗತಿ. ಕಲೆಯಾಯಿತಲ್ಲ ಎಂದು ಹೆದರಿದ ಬಳಗದ ಹೆಂಗಸೊಬ್ಬಳು ಮಂದಿರದ ದೀಪದ ಸಮೆ ತಿಕ್ಕುವಾಗ ಅದನ್ನೂ ಜೊತೆಗಿಟ್ಟುಕೊಂಡು, ಹುಣಸೆಹಣ್ಣು ಬೂದಿ ಹಾಕಿ ತೆಂಗಿನ ನಾರಿನಿಂದ ತಿಕ್ಕಿದ್ದಳು.

"ಬಾಳ ಮಂಕಾಗಿತ್ರಿ ಅಕ್ಕಾರ, ಬೆಳಗಿ ಇಟ್ಟೀನ್ರಿ" ಎಂದಳು, ಹೆದರಿಕೆಯಲ್ಲೂ ಸ್ವಲ್ಪ ಹೆಮ್ಮೆಯಿಂದ. ಲ್ಯಾಕರ್ ಹಾವಿನ ಪೊರೆಯ ಹಾಗೆ ಎದ್ದುಬಂದಿತ್ತು. ನನ್ನ ಗೆರೆಗಳು ಒಂದೂ ಇರಲಿಲ್ಲ.

ಸಿಟ್ಟು ನೆತ್ತಿಗೇರಿತ್ತು. ತಮ್ಮ ಗೋಡೆಯ ಕಡೆ ತಿರುಗಿ ನಗುತ್ತಿದ್ದುದರಿಂದ ಅದು ಇನ್ನೂ ಏರಿತು. ಮಂದಿರದ ಹಿರಿಯರು ನಡುವೆ ಬಂದು, "ಹೋಗ್ಲಿ ಬಿಡ್ರಿ. ಯಾರೂ ಮುಟ್ಟಬಾರ್ದು ಅಂತ ಒಂದು ಬೋರ್ಡ್ ಹಾಕೋಣಂತ. ನೀವ ಮಾಡಿಕೊಡ್ರಿ, ನಿಮ್ದ ಕೆಲ್ಸ ಐತಲ್ಲ" ಎಂದರು.

ಸರಿ ಎನ್ನಲು ನಾನು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಟೀಚರ್ ತಗಡುಗಳನ್ನು ಕೆಳಗಿಟ್ಟರು.

"ಮುಟ್ಟಬ್ಯಾಡ್ರಿ ಅಂತ ಬರೆದ ಜಾಗದಾಗ ಕುಂತು ನನಗ ಹಾಡಾಕ ಬರಂಗಿಲ್ಲ" ಎಂದರು. "ಇವ್ರು ಹಚ್ಚಿದ್ದು ತಗಡಿಗಲ್ಲಮ್ಮ. ನಾನು ಮತ್ತ ಹಾಡ್ಲಿ ಅಂತ ಹಚ್ಯಾರ. ಬ್ಯಾಡ ಅನ್ನಾಕ ಬಾಯಿ ಬರ್ತೈತೇನು?"

ಅವರು ಶಾಲೆಯಲ್ಲೂ ಹೀಗೆಯೇ, ದನಿ ಏರಿಸದೆ ಕೇಳುತ್ತಿದ್ದರು. ನಾವು ಕಾಲಬೆರಳಿನಿಂದ ನೆಲ ಗೀರುತ್ತಿದ್ದೆವು. ಅವತ್ತು ನಾನೂ ತಮ್ಮನೂ ಅದನ್ನೇ ಮಾಡಿದೆವು.

ಕೊಟ್ಟೂರಿನ ಬಸ್ಸಿನಲ್ಲಿ ಕೂತು ಯೋಚಿಸಿದಷ್ಟೂ ಟೀಚರ್ ಮಾತೇ ಸರಿ ಅನ್ನಿಸಿತು. ನಾವು ನೋಡಲು ಚೆಂದ, ಕೇಳಲು ಚೆಂದ ಎಂದು ಎರಡೇ ಪರೀಕ್ಷೆ ಮಾಡಿದ್ದೆವು. ಈ ವಸ್ತುವಿನ ಮೇಲೆ ಪ್ರತಿ ಸೋಮವಾರ ಕೈ ಬೀಳುತ್ತದೆ ಎನ್ನುವುದು ವಿಭೂತಿ ಹಚ್ಚಿಕೊಂಡೇ ಬೆಳೆದ ನಮಗೇ ಹೊಳೆದಿರಲಿಲ್ಲ. ಕೈಗಳನ್ನು ತಡೆಯುವುದು ಬೇಡ, ಅವುಗಳನ್ನು ತಾಳಿಕೊಳ್ಳುವ ಮೈ ಬೇಕು.

ಯಜಮಾನರಿಗೆ ಫೋನ್ ಮಾಡಿದೆ. ಆನೊಡೈಸ್ ಆದ ಮೈಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಬಣ್ಣ ಕುಡಿಯುವುದು ಅವೇ. ಕೊನೆಗೆ ಬಿಸಿನೀರಿನಲ್ಲಿ ಕುದಿಸಿ ಅವುಗಳ ಬಾಯಿ ಮುಚ್ಚಬೇಕು. ಅದಕ್ಕೆ ಸೀಲಿಂಗ್ ಎನ್ನುತ್ತಾರೆ. ಮಾಡಿದ್ದಿರಾ ಎಂದು ಕೇಳಿದೆ.

"ಸ್ಯಾಂಪಲ್ ಅಲ್ವೇನಮ್ಮ, ಅರ್ಜೆಂಟ್ ಅಂದ್ರಿ ನೀವು. ಸುಮ್ನೆ ಒಂದ್ಸಲ ಅದ್ದಿ ತೆಗೆದ್ವಿ" ಎಂದರು. ಕುಂಕುಮ ಒಳಹೊಕ್ಕ ದಾರಿ ಅದು.

ಹಾಗಾದರೆ ಚೆನ್ನಾಗಿ ಸೀಲ್ ಮಾಡಿದ ಆನೊಡೈಸೇ ಸರಿ, ಆದರೆ ಬಂಗಾರ ಬೇಡ ಎಂದೆ. ಮೊದಲು ಕಾಸ್ಟಿಕ್ ಸೋಡಾದ ನೀರಿನಲ್ಲಿ ಅದ್ದಿ ಹೊಳಪು ಕಳೆದು, ಬಣ್ಣವೇ ಹಾಕದೆ, ಮಂದ ಬೆಳ್ಳಿಯ ಮೈ ಉಳಿಸಬೇಕು. ಅದು ಹೆಚ್ಚುಕಡಿಮೆ ವಿಭೂತಿಯದೇ ಬಣ್ಣ. ವಿಭೂತಿ ಬಿದ್ದರೂ ಕೊಳೆಯಾಗಿ ಕಾಣುವುದಿಲ್ಲ. ಯಜಮಾನರು ಬಂಗಾರ ಬಿಟ್ಟುಕೊಡಲು ಬಹಳ ಸಂಕಟಪಟ್ಟರು. ಅವರಿಗೆ ನಮ್ಮ ಮೇಲೆ ಪ್ರೀತಿಯೇ, ಏನು ಮಾಡುವುದು. ಈ ಸಲ ನಾನೇ ಹೋಗಿ ಪಕ್ಕದಲ್ಲಿ ನಿಂತು ತಗಡು ಕುದಿಯುವುದನ್ನು ಪೂರ್ತಿ ನೋಡಿ, ಹೊಸ ಮಾದರಿ ತಂದೆ. ಬೋರಿನ ನೀರಾದರೆ ಬಿಳಿ ಪುಡಿ ಕೂರುತ್ತದೆಂದು ಫಿಲ್ಟರ್ ನೀರನ್ನೇ ಹಾಕಿಸಿದ್ದೆ.

ಮಾದರಿಗೆ ನಮ್ಮ ಮನೆಯಲ್ಲೇ ಪೂಜೆ. ವಿಭೂತಿ, ಅರಿಶಿನ, ಕುಂಕುಮ, ಎಣ್ಣೆ, ಕಾಯಿನೀರು, ಯಾವುದನ್ನೂ ಬಿಡಲಿಲ್ಲ. ಮರುದಿನ ಒದ್ದೆ ಬಟ್ಟೆಯಿಂದ ಒರೆಸಿದರೆ ತಗಡು ಮೊದಲಿನ ಹಾಗೇ. ನಾನು ಕುಣಿಯುವುದೊಂದು ಬಾಕಿ. ತಮ್ಮ ಮಾತ್ರ ಅದನ್ನು ಬೆಳಕಿಗೆ ಹಿಡಿದು, "ಮೈಯೇನೋ ಉಳೀತು, ತೂತು ನೋಡು" ಎಂದ. ಒದ್ದೆ ವಿಭೂತಿ ತೂತಿನಲ್ಲಿ ಹೆಪ್ಪುಗಟ್ಟಿ ಕೂತಿತ್ತು. ಪೌಡರ್ ಕೋಟಿಂಗ್ ಮಾಡಿದ್ದನ್ನೇ ಇದೂ ಮಾಡುತ್ತಿತ್ತು, ಸ್ವಲ್ಪ ಭಕ್ತಿಯಿಂದ ಅಷ್ಟೆ. ಹೀಗೇ ಆದರೆ ಶ್ರಾವಣ ಮುಗಿಯುವುದರೊಳಗೆ ಟೀಚರ್ ದನಿಗೆ ಮತ್ತೆ ನೆಗಡಿ.

ತಮ್ಮ ಪೆಟ್ಟಿಗೆಯ ಹತ್ತಿರ ಹೋಗಿ ನಿಂತ. ಅವನ ಅಂಗೈ ಅದರ ಮುಂಭಾಗಕ್ಕೆ ಒರಗಿತ್ತು. ನಿಂತವರ ಕೈ ಸಹಜವಾಗಿ ಎಲ್ಲಿಗೆ ಹೋಗುತ್ತದೆ ಎಂದು ನಾನು ಆಗ ನೋಡಿದೆ. ಎದೆಯ ಮಟ್ಟ. ನಮ್ಮ ಎರಡು ತಗಡು ಕೂಡುವ ಜಾಗವೂ ಅದೇ.

"ಅಲ್ಲಿ ಹಿಂದ ಏನೈತಿ?" ಎಂದೆ.

"ಏನಿಲ್ಲ, ಕಟ್ಟಿಗಿ. ಎರಡು ಸ್ಪೀಕರ್ ನಡುವಿನ ಸಂದು."

"ಹಂಗಾರ ಅಲ್ಲಿ ತೂತ ಬ್ಯಾಡ. ಅಂಗೈಯಗಲ ಬರೀ ತಗಡ ಬಿಡೋಣ. ಅದ್ರ ಮ್ಯಾಲ ವಿಭೂತಿಗೆ ಮೂರು ಗೆರಿ ನಾನ ಕೊರದು ಕೊಡ್ತೀನಿ. ಗೆರಿ ಕಂಡ್ರ ಬೆರಳು ತಾನ ಅಲ್ಲಿಗೇ ಹೋಗ್ತಾವ."

ತಮ್ಮ ನನ್ನ ಮುಖ ನೋಡಿದ. "ಕೆಳಗಿನ ತಗಡು ಎರಡೂ ಹೊಸಾವ ಆಗ್ಬೇಕಲ್ಲಕ್ಕಾ. ಸೋಮವಾರ ಬಂತು."

"ಬರ್ಲಿ. ನೀ ತಣ್ಣೀರ್ ಹಾಕ್ಕೊಂತ ನಿಂದ್ರು."

ನಕ್ಷೆ ಬದಲಿಸಿದೆ. ತೂತುಗಳು ಎರಡೂ ಮೈಯ ಅಚ್ಚಿನಲ್ಲಿದ್ದವು. ಮೂರು ಗೆರೆಗಳನ್ನು ಮುಂದಿನ ಅಚ್ಚಿನಲ್ಲಿ ಮಾತ್ರ ಬಿಟ್ಟು, ಹಿಂದೆ ಇಂಕಿನಿಂದ ಮುಚ್ಚಿದೆ. ಹಾಗೆ ಮಾಡಿದರೆ ತೂತು ಆರ್‌ಪಾರ್ ಆಗುವ ಹೊತ್ತಿಗೆ ಗೆರೆಗಳು ಅರ್ಧ ಆಳಕ್ಕೆ ಬಂದು ನಿಲ್ಲುತ್ತವೆ. ಗೆರೆಯ ಅಗಲಕ್ಕೆ ನನ್ನ ಬೆರಳಿನ ಅಳತೆಯನ್ನೇ ಹಿಡಿದೆ. ಎರಡೂ ತಗಡು ಒಂದೇ ಸಲಕ್ಕೆ ಒಪ್ಪವಾಗಿ ಬಂದವು. ಆಸಿಡ್ಡಿಗೂ ಟೀಚರ್ ಮೇಲೆ ಗೌರವ ಇದ್ದಿರಬೇಕು. ಯಜಮಾನರು ಈ ಸಲ ಬಾಯಿಮುಚ್ಚಿಕೊಂಡು ನಾಲ್ಕೂ ತಗಡನ್ನು ಆನೊಡೈಸ್ ಮಾಡಿ ಕುದಿಸಿಕೊಟ್ಟರು. ಆಮೇಲೆ ಗೆರೆಗಳ ಮೇಲೆ ಬೆರಳಾಡಿಸಿ, "ಬಂಗಾರ ಹಾಕಿದ್ರೂ ಇಷ್ಟು ಚಂದ ಆಗ್ತಿರ್ಲಿಲ್ಲ ಬಿಡ್ರಿ" ಎಂದರು.

ಶ್ರಾವಣದ ಮೊದಲ ಸೋಮವಾರ ಪೆಟ್ಟಿಗೆಗಳು ಟೀಚರ್ ಕೂರುವ ಜಾಗದ ಎಡಬಲಕ್ಕೆ ನಿಂತವು. ಮಂದಿರದ ಹಿರಿಯರು ಮುಂದಿನಿಂದ ನೋಡಿದರು, ಪಕ್ಕದಿಂದ ನೋಡಿದರು, ಏನೂ ಹೇಳದೆ ಹೋಗಿ ಕೂತರು. ಅದು ಒಪ್ಪಿಗೆ ಎಂದುಕೊಂಡೆವು. ಹೆಂಗಸರು ಬರತೊಡಗಿದರು. ನಾನು ಬಾಗಿಲ ಬಳಿ ನಿಂತಿದ್ದೆ. ಯಾರಿಗೂ ಏನೂ ಹೇಳಿಕೊಟ್ಟಿರಲಿಲ್ಲ. ಮೊದಲು ಬಂದವಳು ಅದೇ ತಿಕ್ಕಿದ ಮಹಾತಾಯಿ. ಬಟ್ಟಲಿನ ವಿಭೂತಿಯಲ್ಲಿ ಬೆರಳು ಅದ್ದಿ, ಪೆಟ್ಟಿಗೆಯ ಮುಂದೆ ನಿಂತು ಕಣ್ಣಾಡಿಸಿ, ಮೂರು ಬೆರಳನ್ನೂ ಮೂರು ಗೆರೆಯಲ್ಲಿಟ್ಟು ಎಳೆದಳು. ಅವಳ ಹಿಂದಿನವಳು ಹಾಗೇ ಮಾಡಿದಳು. ಅವಳ ಹಿಂದಿನವಳೂ. ಒಂದು ತೂತಿಗೂ ವಿಭೂತಿ ತಾಗಲಿಲ್ಲ. ಆ ಹೊತ್ತಿಗೆ ನನಗಾದ ಸಂತೋಷವನ್ನು ಯಾವ ನೇಮ್ ಪ್ಲೇಟೂ ಕೊಟ್ಟಿರಲಿಲ್ಲ.

ಆದರೆ ಅದು ನಮ್ಮ ಸಂತೋಷ. ಟೀಚರಿಗೆ ಇನ್ನೂ ಏನೂ ಆಗಿರಲಿಲ್ಲ. ಅವರು ಕೂತು, ಸೆರಗು ಹೊದ್ದು, ಮೈಕನ್ನು ಬೇಡದ ಅತಿಥಿಯನ್ನು ನೋಡುವ ಹಾಗೆ ನೋಡಿದರು. ಹಿಂದಿನ ಸಾಲಿನವರು ಆಗಲೇ ಗುಸುಗುಸು ಶುರುಮಾಡಿದ್ದರು. ತಮ್ಮ ಕೊನೆಯ ಗೋಡೆಯ ಹತ್ತಿರ ಆಂಪ್ಲಿಫೈಯರ್ ಮುಂದೆ ಕೂತು ನನ್ನ ಕಡೆ ನೋಡದೆ ಗುಂಡಿ ತಿರುಗಿಸಿದ.

ಟೀಚರ್ ವಚನ ಎತ್ತಿದರು. ಒಂದು ಸಾಲು ಹಾಡಿದರು. ಎರಡನೆಯ ಸಾಲಿನ ನಡುವೆ ನಿಲ್ಲಿಸಿಬಿಟ್ಟರು.

ತಮ್ಮನ ಕೈ ಗುಂಡಿಯ ಮೇಲೆ ಹಾಗೇ ನಿಂತಿತ್ತು. ಎಲ್ಲಿ ತಪ್ಪಿತು, ತೂತಿನಲ್ಲೋ, ಸ್ಪೀಕರಿನಲ್ಲೋ, ಹಾಡು ಎಂದು ಅವರನ್ನು ಕಾಡಿದ್ದರಲ್ಲೋ? ಟೀಚರ್ ಒಮ್ಮೆ ಎಡಗಡೆಯ ಪೆಟ್ಟಿಗೆಯತ್ತ, ಒಮ್ಮೆ ಬಲಗಡೆಯದರತ್ತ ತಿರುಗಿ ನೋಡಿದರು. ಅವರ ಬಾಯಿ ಮೈಕಿನ ಹತ್ತಿರವೇ ಇತ್ತು. ಪಿಸುಗುಟ್ಟಿದ್ದು ಕೊನೆಯ ಸಾಲಿನವರೆಗೂ ಕೇಳಿಸಿತು.

"ಯವ್ವಾ... ನನ್ನ ದನಿ ಇನ್ನಾ ಐತಲ್ಲ!"

"ಐತ್ರೀ ಟೀಚರ್, ಹಾಡ್ರಿ!" ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು.

ತಮ್ಮ ತಲೆ ಬಗ್ಗಿಸಿ, ಸಡಿಲವಾಗದ ಯಾವುದೋ ವೈರನ್ನು ಬಿಗಿ ಮಾಡುತ್ತ ಕೂತ. ನನಗೆ ಅಳು ತಡೆಯಲಾಗಲಿಲ್ಲ, ತಡೆಯಲೂ ಇಲ್ಲ. ಟೀಚರ್ ಗಂಟಲು ಸರಿಮಾಡಿಕೊಂಡು, ಮೈಕನ್ನು ತಾವೇ ಹತ್ತಿರಕ್ಕೆ ಎಳೆದುಕೊಂಡು, ಮೊದಲ ಸಾಲಿನಿಂದ ಮತ್ತೆ ಎತ್ತಿದರು.